ಮಗುಚಿ ಹಾಕುವ ಎರಡು ಸೆಕೆಂಡು

ಕ್ಯಾಸೆಟ್ಟಿನ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ‘ಎಂ. ಜೆ. ಹರ್ಟ್’ ಎಂದು ಬರೆದಿತ್ತು. 1987ರ ಕೊನೆ, ಮೈಸೂರು, ಎಂಜಿನಿಯರಿಂಗ್ ಹುಡುಗರ ಹಾಸ್ಟೆಲ್ಲು. ಆ ಕಾಲಕ್ಕೆ ಎಂ.ಜೆ. ಎಂದರೆ ಮೈಕಲ್ ಜಾಕ್ಸನ್, ಬೇರೆ ಯಾರೂ ಅಲ್ಲ. ಅವನ ‘ಬ್ಯಾಡ್’ ಬಂದು ಕೆಲವೇ ತಿಂಗಳಾಗಿತ್ತು. ‘ಬ್ಯಾಡ್’ ಇರಬಹುದಾದರೆ ‘ಹರ್ಟ್’ ಯಾಕಿರಬಾರದು? ನನ್ನ ರೂಮ್‌ಮೇಟ್ ಹಾಸನದ ಕಡೆಯವನು. ಅವನ ಅಣ್ಣ ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿದ್ದ. ರಜೆಗೆ ಬಂದವನು ತಮ್ಮನಿಗೆ ಕೊಟ್ಟ ಸಾಮಾನಿನಲ್ಲಿ ಈ ಕ್ಯಾಸೆಟ್ಟೂ ಇತ್ತು. ಎಂಟು ಜನ ಟೂ-ಇನ್-ಒನ್ ಸುತ್ತ ಕೂತೆವು. ಮೊದಲು ಕೇಳಿದ್ದು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ. ಅದರೊಳಗಿಂದ ಒಂದು ಗಿಟಾರು, ಒಬ್ಬ ಗಂಡಸಿನ ದನಿ. ಡ್ರಮ್ಮಿಲ್ಲ, ಕುಣಿತವಿಲ್ಲ. ಐದು ನಿಮಿಷದಲ್ಲಿ ಆರು ಜನ ಎದ್ದು ಹೋದರು.

ಉಳಿದ ಇಬ್ಬರು ಚೀಟಿಯನ್ನು ಇನ್ನೊಮ್ಮೆ ಓದಿದೆವು. ಎ ಬದಿಗೆ 1928, ಬಿ ಬದಿಗೆ 1966. ಹುಟ್ಟಿದ್ದು ಆ ಬದಿ, ಸತ್ತದ್ದು ಈ ಬದಿ ಎಂದು ತೀರ್ಮಾನವಾಯಿತು. ‘ಮೂವತ್ತೆಂಟಕ್ಕೇ ಹೋಗ್ಬಿಟ್ನಲ್ಲೋ’ ಎಂದು ರೂಮ್‌ಮೇಟ್ ಲೊಚಗುಟ್ಟಿದ. ಬಿ ಬದಿ ಹಾಕಿದೆವು. ಅದೇ ಗಿಟಾರು, ಆದರೆ ಹಾಡುತ್ತಿದ್ದವನು ಮುದುಕ. ಮೂವತ್ತೆಂಟು ವರ್ಷಕ್ಕೆ ಇಂಥ ದನಿ ಬರಬೇಕಾದರೆ ದಿನಕ್ಕೆ ಎಷ್ಟು ಕಟ್ಟು ಬೀಡಿ ಸೇದಿರಬೇಕು ಎಂಬ ಚರ್ಚೆ ಮೆಸ್ಸಿನ ಗಂಟೆ ಹೊಡೆಯುವತನಕ ನಡೆಯಿತು. ಅಂದಿನಿಂದ ಅವನು ನಮಗೆ ಅಜ್ಜ. ಪೂರ್ತಿ ಹೆಸರು ತಿಳಿದ ಮೇಲೂ ಅಜ್ಜನೇ.

ಅದು 90 ನಿಮಿಷದ ಕ್ಯಾಸೆಟ್ಟು. ಎ ಬದಿಯಲ್ಲಿದ್ದದ್ದು ಮಿಸಿಸಿಪ್ಪಿ ಜಾನ್ ಹರ್ಟ್ 1928ರಲ್ಲಿ ಓಕೆ ಎಂಬ ಕಂಪನಿಗೆ ಹಾಡಿದ 13 ಹಾಡು. ಬಿ ಬದಿಯಲ್ಲಿ ಅದೇ ಮನುಷ್ಯ ಮುದಿವಯಸ್ಸಿನಲ್ಲಿ ವ್ಯಾನ್‌ಗಾರ್ಡ್ ಕಂಪನಿಗೆ ಹಾಡಿ, 1966ರಲ್ಲಿ ಹೊರಬಂದ ‘ಟುಡೇ!’ ಎಂಬ ಆಲ್ಬಮ್ಮಿನ 12 ಹಾಡು. ನಡುವೆ 38 ವರ್ಷ. ಕ್ಯಾಸೆಟ್ಟನ್ನು ಮಗುಚಿ ಹಾಕಲು ಎರಡು ಸೆಕೆಂಡು ಸಾಕು. ಬಿ ಬದಿಯ ಹಾಡುಗಳು 42 ನಿಮಿಷಕ್ಕೆ ಮುಗಿಯುತ್ತಿದ್ದವು. ಕೊನೆಗೆ ಮೂರು ನಿಮಿಷದಷ್ಟು ಟೇಪು ಖಾಲಿ ಉಳಿದಿತ್ತು. ಆ ಮೂರು ನಿಮಿಷದಲ್ಲಿ ನಾವೇ ಏನೋ ರೆಕಾರ್ಡು ಮಾಡಿದ್ದೆವು. ಏನೆಂದು ಬಹಳ ಕಾಲ ಮರೆತುಹೋಗಿತ್ತು.

ನಾವಾಗ ಕೊನೆಯ ವರ್ಷದಲ್ಲಿದ್ದೆವು. ಕೆಲಸ ಸಿಗುವ ಲಕ್ಷಣ ಇರಲಿಲ್ಲ. ಬ್ಲೂಸ್ ಎಂದರೆ ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನರ ದುಃಖದ ಹಾಡು ಎಂದು ಎಲ್ಲೋ ಓದಿದ್ದೆವು. ಅಜ್ಜನ ದನಿ ತಗ್ಗಿನಲ್ಲಿ, ನಿಧಾನವಾಗಿ, ಭಾರವಾಗಿ ಬರುತ್ತಿತ್ತು. ಹಾಡಿನ ಮಾತು ಕಾಲು ಭಾಗವೂ ಅರ್ಥವಾಗುತ್ತಿರಲಿಲ್ಲ. ಆದ್ದರಿಂದ ನಮಗೆ ಬೇಕಾದ ದುಃಖವನ್ನೆಲ್ಲ ಅದರೊಳಗೆ ತುಂಬಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ರಾತ್ರಿ ದೀಪ ಆರಿಸಿ ಕೇಳುತ್ತಿದ್ದೆವು. ಅವನು ಹಾಡುತ್ತಿದ್ದದ್ದು ಕಾಫಿಯ ಬಗ್ಗೆ ಇದ್ದರೂ ನಾವು ನಿಟ್ಟುಸಿರು ಬಿಡುತ್ತಿದ್ದೆವು. ಉತ್ಪ್ರೇಕ್ಷೆಯಲ್ಲ: ಬಿ ಬದಿಯಲ್ಲಿ ‘ಕಾಫಿ ಬ್ಲೂಸ್’ ಎಂಬುದೇ ಒಂದು ಹಾಡು. ಮ್ಯಾಕ್ಸ್‌ವೆಲ್ ಹೌಸ್ ಕಾಫಿಯ ಗುಣಗಾನದ ನೆವದಲ್ಲಿ ಅಜ್ಜ ಅಲ್ಲಿ ಪೋಲಿ ಮಾತಾಡುತ್ತಾನೆ. ಆ ಹಾಡಿನ ಒಂದು ಚಮಚದ ಮಾತಿನಿಂದಲೇ ‘ಲವಿನ್ ಸ್ಪೂನ್‌ಫುಲ್’ ಎಂಬ ಪ್ರಸಿದ್ಧ ಬ್ಯಾಂಡು ತನ್ನ ಹೆಸರು ತೆಗೆದುಕೊಂಡಿತು. ಕಾಫಿ ತೋಟದಲ್ಲೇ ಬೆಳೆದ ನನ್ನ ರೂಮ್‌ಮೇಟ್ ಅದನ್ನು ಕೇಳಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ನನ್ನ ಬಳಿ ಒಂದು ಗಿಟಾರಿತ್ತು. ಹಾಸ್ಟೆಲ್ ಬಿಡುವ ಸೀನಿಯರ್ ಒಬ್ಬ 180 ರೂಪಾಯಿಗೆ ಮಾರಿ ಹೋದದ್ದು. ತಂತಿಗೂ ಫ್ರೆಟ್ಟಿಗೂ ನಡುವೆ ಪೆನ್ಸಿಲ್ ತೂರಿಸಬಹುದಿತ್ತು. ಜೊತೆಗೆ ಶ್ರುತಿ ಮಾಡಿಕೊಳ್ಳಲು ಆರು ತೂತಿನ ಒಂದು ಪೀಪಿ ಕೊಟ್ಟಿದ್ದ. ಅದನ್ನು ಊದಿ ತಂತಿ ಹೊಂದಿಸಿ ಕ್ಯಾಸೆಟ್ಟಿನ ಜೊತೆ ನುಡಿಸಲು ಹೋದರೆ ಒಂದು ಸ್ವರವೂ ಕೂಡುತ್ತಿರಲಿಲ್ಲ. ಕೊನೆಗೆ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದೆ. ಕೂಡಿತು. ಅಜ್ಜ ಹೀಗೆ ಇಳಿಸಿಯೇ ಕಟ್ಟುತ್ತಿದ್ದನೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ದುಃಖದ ಗುಟ್ಟು ಇಳಿಸಿ ಕಟ್ಟುವುದರಲ್ಲೇ ಇದೆ ಎಂಬ ಸಿದ್ಧಾಂತವನ್ನೂ ಕೆಳಗೆ ಬರೆದು ಎರಡು ಗೆರೆ ಎಳೆದೆ.

ಶ್ರುತಿ ಕೂಡಿದರೂ ನುಡಿಸಲು ಬರುತ್ತಿರಲಿಲ್ಲ. ಎರಡು ಗಿಟಾರಿನ ಕೆಲಸ ಒಬ್ಬನಿಂದ ಹೇಗಾದೀತು ಎಂಬುದು ನಮ್ಮ ವಾದ. ಕೆಳಗೆ ಒಬ್ಬ ಟಕ್ ಟಕ್ ಎಂದು ಮಂದ್ರದ ತಂತಿ ಮೀಟುತ್ತಿದ್ದಾನೆ, ಮೇಲೆ ಇನ್ನೊಬ್ಬ ಹಾಡಿನ ಧಾಟಿ ನುಡಿಸುತ್ತಿದ್ದಾನೆ ಎಂದೇ ತಿಳಿದಿದ್ದೆವು. ಲಕ್ಷ್ಮೀಪುರಂನಲ್ಲಿ ನನ್ನ ದೊಡ್ಡಮ್ಮ ಇದ್ದರು. ಮಕ್ಕಳಿಗೆ ವೀಣೆ ಪಾಠ ಹೇಳುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಹೋದಾಗ ಕ್ಯಾಸೆಟ್ಟನ್ನೂ ಒಯ್ದು, ಅವರ ಮನೆಯ ಪುಟ್ಟ ಟೇಪ್‌ರೆಕಾರ್ಡರಿಗೆ ಹಾಕಿದೆ. ಹುರುಳಿಕಾಯಿ ಬಿಡಿಸುತ್ತಾ ಎರಡು ಹಾಡು ಕೇಳಿದರು.

‘ಯಾರೋ ಈ ಪುಣ್ಯಾತ್ಮ?’

‘ಅಮೆರಿಕದವನು, ದೊಡ್ಡಮ್ಮ. ಇಬ್ಬರು ನುಡಿಸ್ತಿದಾರೆ ಅನ್ಸತ್ತೆ.’

‘ಇಬ್ಬರಿಲ್ಲ. ಇಬ್ಬರಿದ್ರೆ ಒಂದಲ್ಲ ಒಂದು ಕಡೆ ಒಬ್ಬ ಇನ್ನೊಬ್ಬನಿಗೆ ಕಾಯ್ತಾನೆ. ಇಲ್ಲಿ ಯಾರೂ ಕಾಯ್ತಿಲ್ಲ. ತಾಳದ ತಂತಿ ಯಾವ ಬೆರಳಲ್ಲಿ ಮೀಟ್ತಾನೆ, ಕೇಳು.’

ಅದನ್ನು ಯಾರನ್ನು ಕೇಳಲಿ? ಅವರೇ ಎದ್ದು ಕೈ ತೊಳೆದು ವೀಣೆ ತಂದರು. ತೋರುಬೆರಳು, ನಡುಬೆರಳು ಸಾರಣಿಯ ಮೇಲೆ. ಕಿರುಬೆರಳು ಪಕ್ಕದ ಮೂರು ತಾಳದ ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಮೀಟುತ್ತದೆ. ರಾಗ ಎಲ್ಲಿಗೇ ಅಲೆದಾಡಲಿ, ಕಿರುಬೆರಳಿಗೆ ಅದರ ಗೊಡವೆಯಿಲ್ಲ. ‘ಇವನಿಗೆ ತಂತಿ ಮೇಲುಗಡೆ ಇರೋದರಿಂದ ಹೆಬ್ಬೆರಳೇ ಇರಬೇಕು’ ಎಂದರು. ಆಮೇಲೆ ಹುರುಳಿಕಾಯಿಗೆ ಮರಳಿದರು. ಎಷ್ಟೋ ವರ್ಷದ ಮೇಲೆ ಅಜ್ಜನ ಹಳೆಯ ಚಿತ್ರಪಟ್ಟಿಯ ತುಣುಕು ನೋಡಿದಾಗ ದೊಡ್ಡಮ್ಮ ಹೇಳಿದ್ದು ಅಕ್ಷರಶಃ ಹಾಗೇ ಇತ್ತು. ಹೆಬ್ಬೆರಳು ಮೂರು ಮಂದ್ರ ತಂತಿಗಳ ನಡುವೆ ಒಂದು ಅತ್ತ ಒಂದು ಇತ್ತ ಹೆಜ್ಜೆ ಹಾಕುತ್ತದೆ. ತೋರುಬೆರಳು, ನಡುಬೆರಳು ಧಾಟಿ ನುಡಿಸುತ್ತವೆ. ಉಳಿದೆರಡು ಬೆರಳು ಗಿಟಾರಿನ ಹಲಗೆಯ ಮೇಲೆ ಊರಿಕೊಂಡು ಸುಮ್ಮನಿರುತ್ತವೆ.

ಅಂದು ಇನ್ನೊಂದು ಸಂಗತಿಯೂ ನಡೆದಿತ್ತು, ನಾನು ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. ದೊಡ್ಡಮ್ಮನ ಟೇಪ್‌ರೆಕಾರ್ಡರಿನಲ್ಲಿ ಅಜ್ಜ ಅಷ್ಟೇನೂ ದುಃಖದಲ್ಲಿರಲಿಲ್ಲ. ಅವರ ಮೆಷಿನ್ನು ಸರಿಯಿಲ್ಲ ಎಂದುಕೊಂಡು ಹಾಸ್ಟೆಲ್ಲಿಗೆ ವಾಪಸ್ಸು ಬಂದೆ.

ಅಜ್ಜ ಯಾರೆಂದು ತಿಳಿದದ್ದು 1989ರಲ್ಲಿ. ಸಂದರ್ಶನವೊಂದಕ್ಕೆ ಮದರಾಸಿಗೆ ಹೋಗಿದ್ದೆ. ರೈಲು ರಾತ್ರಿಗಿತ್ತು. ಹೊತ್ತು ಕಳೆಯಲು ಅಮೆರಿಕನ್ ಲೈಬ್ರರಿಯ ತಣ್ಣನೆಯ ಕೋಣೆಗೆ ನುಗ್ಗಿ ಜಾನಪದ ಸಂಗೀತದ ಒಂದು ದಪ್ಪ ಪುಸ್ತಕ ಎಳೆದೆ. ಹರ್ಟ್ ಸಿಕ್ಕ. ಮಿಸಿಸಿಪ್ಪಿ ರಾಜ್ಯದ ಅವಲಾನ್ ಎಂಬ ಊರಿನವನು. ಡೆಲ್ಟಾದ ಹತ್ತಿಯ ಬಯಲು ಮುಗಿದು ಗುಡ್ಡ ಶುರುವಾಗುವ ಜಾಗದಲ್ಲಿರುವ ಕೊಂಪೆ. ಹೊಲದ ಕೆಲಸ, ಸ್ವಲ್ಪ ಕಾಲ ರೈಲು ಹಳಿಯ ಕೆಲಸ, ಶನಿವಾರ ಸಂಜೆ ಕುಣಿತಕ್ಕೆ ಗಿಟಾರು. ನೆರೆಹೊರೆಯ ಬಿಳಿಯ ಪಿಟೀಲುಗಾರ ವಿಲಿ ನಾರ್ಮೂರ್ ಎಂಬವನು ಕಂಪನಿಯವರಿಗೆ ಇವನ ಹೆಸರು ಹೇಳಿದ. 1928ರ ಫೆಬ್ರವರಿಯಲ್ಲಿ ಮೆಂಫಿಸ್‌ಗೆ ಕರೆಸಿದರು. ದೊಡ್ಡ ಹಜಾರದಲ್ಲಿ ಕುರ್ಚಿಯ ಮೇಲೆ ಕೂರಿಸಿ, ಮೈಕನ್ನು ಬಾಯಿಯ ಹತ್ತಿರ ತಂದು, ಇನ್ನು ಅಲ್ಲಾಡಕೂಡದು ಎಂದರಂತೆ. ಕುತ್ತಿಗೆ ಎಷ್ಟೋ ದಿನ ನೋಯುತ್ತಿತ್ತೆಂದು ಅಜ್ಜ ಆಮೇಲೆ ನೆನೆಸಿಕೊಂಡಿದ್ದಾನೆ. ಅಲ್ಲಿ ಹಾಡಿದ್ದರಲ್ಲಿ ಹೊರಬಂದದ್ದು ಎರಡೇ ಹಾಡು, ಒಂದು ಪ್ಲೇಟಿನ ಎರಡು ಬದಿ. ಡಿಸೆಂಬರಿನಲ್ಲಿ ನ್ಯೂಯಾರ್ಕಿಗೆ ಕರೆ ಬಂತು. ಹಳೆಯ ಕಾಲದ ಧಾಟಿಯ ಹಾಡುಗಳೇ ಬೇಕು ಎಂಬುದು ಕಂಪನಿಯವರ ಬೇಡಿಕೆ. ಗಮನಿಸಿ, 1928ರಲ್ಲೇ ಅಜ್ಜನ ಹಾಡು ಹಳೆಯ ಕಾಲದ್ದಾಗಿತ್ತು. ನ್ಯೂಯಾರ್ಕಿನ ಗದ್ದಲದಲ್ಲಿ ಊರು ನೆನಪಾಗಿ ‘ಅವಲಾನ್ ಬ್ಲೂಸ್’ ಎಂಬುದೊಂದನ್ನು ಕಟ್ಟಿ ಹಾಡಿದ. ಪ್ಲೇಟುಗಳು ಅಷ್ಟಾಗಿ ಮಾರಲಿಲ್ಲ. ಮರುವರ್ಷ ಅಮೆರಿಕದ ಆರ್ಥಿಕತೆಯೇ ಕುಸಿಯಿತು. ಅಜ್ಜ ಊರಿಗೆ ಹೋದ.

1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ ಹಳೆಯ ಪ್ಲೇಟುಗಳಿಂದ 84 ಹಾಡು ಆರಿಸಿ ಆರು ಎಲ್‌ಪಿಗಳಲ್ಲಿ ತಂದ. ಅದರಲ್ಲಿ ಅಜ್ಜನವು ಎರಡಿದ್ದವು. ಕೇಳಿದವರಿಗೆ ಹಾಡಿದವನು ಕರಿಯನೋ ಬಿಳಿಯನೋ ಎಂಬುದೂ ತಿಳಿಯದು, ಬದುಕಿದ್ದಾನೋ ಎಂದು ಕೇಳುವುದಂತೂ ದೂರ. 1963ರಲ್ಲಿ ವಾಷಿಂಗ್ಟನ್ ಕಡೆಯ ಡಿಕ್ ಸ್ಪಾಟ್ಸ್‌ವುಡ್, ಟಾಮ್ ಹಾಸ್ಕಿನ್ಸ್ ಎಂಬ ಇಬ್ಬರು ಪ್ಲೇಟು ಹುಚ್ಚರಿಗೆ ‘ಅವಲಾನ್ ಬ್ಲೂಸ್’ನ ಟೇಪು ಸಿಕ್ಕಿತು. ಹಾಡಿನೊಳಗೇ ಊರಿನ ಹೆಸರಿತ್ತು. ಹೊಸ ನಕ್ಷೆಯಲ್ಲಿ ಕಾಣದ ಊರು ಹಳೆಯ ಅಟ್ಲಾಸಿನಲ್ಲಿ ಕಂಡಿತು. ಹಾಸ್ಕಿನ್ಸ್ ಕಾರು ಹತ್ತಿ ಅಲ್ಲಿಗೆ ಹೋಗಿ ಅಂಗಡಿಯೊಂದರಲ್ಲಿ ಕೇಳಿದ. ಹೀಗೇ ಹೋಗಿ, ಮೂರನೇ ಅಂಚೆಪೆಟ್ಟಿಗೆ, ಅಂದರು. ಅಜ್ಜನಿಗೆ ಆಗ ಎಪ್ಪತ್ತರ ಆಸುಪಾಸು. ಮನೆಯಲ್ಲಿ ಗಿಟಾರಿರಲಿಲ್ಲ, ಹಾಸ್ಕಿನ್ಸ್ ತಂದದ್ದನ್ನೇ ಕೊಟ್ಟು ನುಡಿಸಲು ಹೇಳಿದ. ಜುಲೈನಲ್ಲಿ ನ್ಯೂಪೋರ್ಟ್ ಉತ್ಸವ, ಸಾವಿರಾರು ಜನರ ಮುಂದೆ. ಆಮೇಲೆ ಮೂರು ವರ್ಷ ಊರೂರು. 1966ರ ನವೆಂಬರ್ 2ರಂದು ಮಿಸಿಸಿಪ್ಪಿಯ ಗ್ರೆನೇಡಾದಲ್ಲಿ ತೀರಿಕೊಂಡ. ಕ್ಯಾಸೆಟ್ಟಿನ ಎರಡು ಇಸವಿಗಳಲ್ಲಿ ಒಂದನ್ನು ನಾವು ಸರಿಯಾಗಿಯೇ ಊಹಿಸಿದ್ದೆವು.

ಲೈಬ್ರರಿಯಿಂದ ಹೊರಬರುವಾಗ ನಾನು ನೆಲದ ಮೇಲಿರಲಿಲ್ಲ. ಮೂವತ್ತೈದು ವರ್ಷ ಕಾದ ಕಲಾವಿದ, ಕೊನೆಗೂ ಹುಡುಕಿಕೊಂಡು ಬಂದ ಜಗತ್ತು! ಸಂದರ್ಶನದಲ್ಲಿ ಕೇಳಿದ ಹತ್ತು ಪ್ರಶ್ನೆಗಳಲ್ಲಿ ಏಳಕ್ಕೆ ಉತ್ತರ ಬಾರದ ಹುಡುಗನಿಗೆ ಇದಕ್ಕಿಂತ ಹಿತವಾದ ಕತೆ ಬೇರೆ ಬೇಕೆ? ರೂಮ್‌ಮೇಟಿಗೆ ನಾಲ್ಕು ಪುಟದ ಕಾಗದ ಬರೆದೆ. ಕತೆಯಲ್ಲಿ ಒಂದು ನಗೆಯ ಪ್ರಸಂಗವೂ ಇತ್ತು: ಬಾಗಿಲಿಗೆ ಬಂದ ಬಿಳಿಯ ಹುಡುಗನನ್ನು ಕಂಡು ಅಜ್ಜ ಇವನು ಎಫ್‌ಬಿಐನವನೆಂದೇ ತಿಳಿದು, ನಾನೇನೂ ತಪ್ಪು ಮಾಡಿಲ್ಲವಲ್ಲ ಎಂದು ಗಾಬರಿಯಾದನಂತೆ. ಅದನ್ನು ಬರೆದು ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೆ.

ಆ ಚಿಹ್ನೆಯನ್ನು ಈಗ ಹಾಕಲಾರೆ. ಅವಲಾನ್‌ನಿಂದ ಹೆಚ್ಚು ದೂರವಿಲ್ಲದ ಮನಿ ಎಂಬ ಊರಿನಲ್ಲಿ 1955ರಲ್ಲಿ, ಬಿಳಿಯ ಹೆಂಗಸಿನೊಡನೆ ಸಲಿಗೆ ತೋರಿದನೆಂದು ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗನನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಕೊಂದಿದ್ದರು. ಕೊಂದವರನ್ನು ಕೋರ್ಟು ಬಿಟ್ಟು ಕಳಿಸಿತ್ತು. ಅಜ್ಜ ನ್ಯೂಪೋರ್ಟಿನಲ್ಲಿ ಹಾಡುವುದಕ್ಕೆ ಒಂದೂವರೆ ತಿಂಗಳ ಹಿಂದೆ, 1963ರ ಜೂನ್ 12ರಂದು, ಅದೇ ರಾಜ್ಯದ ಜ್ಯಾಕ್ಸನ್‌ನಲ್ಲಿ ಕಪ್ಪು ಜನರ ನಾಯಕ ಮೆಡ್ಗರ್ ಎವರ್ಸ್‌ನನ್ನು ಅವನ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಅಂಥ ಊರಿನಲ್ಲಿ ಗುರುತಿಲ್ಲದ ಬಿಳಿಯನೊಬ್ಬ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆದರೆ ಗಾಬರಿಯಾಗುವುದು ಬುದ್ಧಿವಂತನ ಲಕ್ಷಣ. ನಗೆಯ ಪ್ರಸಂಗ ಮಾಡಿಕೊಂಡದ್ದು ನಾವು, ಪುಸ್ತಕ ಓದಿದವರು.

ಕಾದನೆಂಬುದೂ ನಮ್ಮದೇ ಮಾತು. ಕಳೆದುಹೋದವನ ಮನೆಗೆ ಅಂಗಡಿಯವರು ಅಂಚೆಪೆಟ್ಟಿಗೆ ಎಣಿಸಿ ದಾರಿ ಹೇಳುವುದಿಲ್ಲ. ಅವಲಾನ್‌ನಲ್ಲಿ ಅಜ್ಜ ಎಲ್ಲರಿಗೂ ಗೊತ್ತಿದ್ದ. ದನ ನೋಡಿಕೊಂಡು, ಹೊಲದಲ್ಲಿ ದುಡಿದು, ಗಿಟಾರು ಸಿಕ್ಕಾಗ ಊರವರಿಗೆ ನುಡಿಸಿ ಮೂವತ್ತೈದು ವರ್ಷ ಬದುಕಿದ. ಕಳೆದುಹೋದದ್ದು ಪ್ಲೇಟು ಕಂಪನಿಗೆ. ಕ್ಯಾಸೆಟ್ಟಿನಲ್ಲಿ ಆ ವರ್ಷಗಳಿಲ್ಲ ಎಂದ ಮಾತ್ರಕ್ಕೆ ಅವು ಖಾಲಿ ಎಂದು ತಿಳಿದಿದ್ದೆವು.

ಆ ಸಂದರ್ಶನದಲ್ಲಿ ಕೆಲಸ ಸಿಗಲಿಲ್ಲ. ಮರುವರ್ಷ ವಿದ್ಯುತ್ತಿನ ಕೆಲಸ ಸಿಕ್ಕಿ ಒಂದು ಸಬ್‌ಸ್ಟೇಷನ್ನಿಗೆ ಹೋದೆ. ಕ್ವಾರ್ಟರ್ಸು ಟ್ರಾನ್ಸ್‌ಫಾರ್ಮರಿನ ಬೇಲಿಗೆ ಅಂಟಿಕೊಂಡಂತಿತ್ತು. ಪೀಪಿ ಎಲ್ಲೋ ಕಳೆದಿತ್ತು. ಬದಲಿಗೆ ಟ್ರಾನ್ಸ್‌ಫಾರ್ಮರೇ ಇತ್ತು. ನಮ್ಮ ಕರೆಂಟು 50 ಹರ್ಟ್ಸ್, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಅದರ ಎರಡರಷ್ಟು, 100 ಹರ್ಟ್ಸ್. ಗಿಟಾರಿನ ಆರನೇ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿದರೆ 98. ಸ್ವಲ್ಪ ಬಿಗಿ ಮಾಡಿಕೊಂಡರೆ ಸರಕಾರಿ ತಂಬೂರಿ ದಿನವಿಡೀ ಉಚಿತ. ಒಂದೇ ತೊಂದರೆ: ಬೇಸಿಗೆಯ ಸಂಜೆ ಪಂಪ್‌ಸೆಟ್ಟು, ದೀಪ ಎಲ್ಲ ಒಟ್ಟಿಗೆ ಎಳೆದಾಗ ದಕ್ಷಿಣದ ಗ್ರಿಡ್ 48ರ ಸುತ್ತ ಇಳಿಯುತ್ತಿತ್ತು. ತಂಬೂರಿ 96ಕ್ಕೆ ಬರುತ್ತಿತ್ತು. ನಾಲ್ಕು ರಾಜ್ಯದ ಶ್ರುತಿಯೇ ಇಳಿದಿರುವಾಗ ನಾನೊಬ್ಬ ತಂತಿ ಬಿಗಿದು ಏನು ಮಾಡಲಿ ಎಂದು ನಾನೂ ಇಳಿಸುತ್ತಿದ್ದೆ.

1992ರಲ್ಲಿ ಟೂ-ಇನ್-ಒನ್ ನಿಂತುಹೋಯಿತು. ಸೋದರಮಾವ ಮಸ್ಕತ್ತಿನಿಂದ ತಂದುಕೊಟ್ಟ ಮೆಷಿನ್ನು, ಬಿಸಾಡಲು ಮನಸ್ಸಿಲ್ಲ. ಪೇಟೆಯ ರೇಡಿಯೊ ರಿಪೇರಿಯವನು ಬಿಚ್ಚಿ, ಬೆರಳಿನಲ್ಲಿ ಒಂದು ರಬ್ಬರ್ ಬೆಲ್ಟನ್ನು ನೇತುಹಾಕಿ ತೋರಿಸಿದ. ಮುದುಕಿಯ ಕಿವಿಯ ಹಾಲೆಯ ಹಾಗೆ ಜೋತುಬಿದ್ದಿತ್ತು.

‘ಇದು ಇವತ್ತು ನಿನ್ನೆ ಸಡಿಲ ಆಗಿದ್ದಲ್ಲ ಸಾರ್. ಎಷ್ಟು ವರ್ಷದಿಂದ ಹಿಂಗೇ ಕೇಳ್ತಿದೀರ?’

ಹೊಸ ಬೆಲ್ಟು ಹಾಕಿ, ಪರೀಕ್ಷೆಗೆಂದು ನನ್ನ ಕ್ಯಾಸೆಟ್ಟನ್ನೇ ಒತ್ತಿದ. ಅಜ್ಜ ಅರ್ಧ ಸ್ವರ ಮೇಲೆ, ಚುರುಕಾಗಿ, ಹೆಚ್ಚುಕಡಿಮೆ ಖುಷಿಯಾಗಿ ಹಾಡತೊಡಗಿದ. ಸೆಕೆಂಡಿಗೆ ನಾಲ್ಕು ಮುಕ್ಕಾಲು ಸೆಂಟಿಮೀಟರ್ ಓಡಬೇಕಾದ ಟೇಪು ಐದು ವರ್ಷ ನಾಲ್ಕೂವರೆಯಷ್ಟೇ ಓಡಿತ್ತು. ದೀಪ ಆರಿಸಿ ಕೇಳಿದ ದುಃಖ, ನಿಟ್ಟುಸಿರು, ನೋಟ್‌ಬುಕ್ಕಿನ ಎರಡು ಗೆರೆ, ಎಲ್ಲದರ ಮೂಲ ಆ ರಬ್ಬರು. ದೊಡ್ಡಮ್ಮನ ಟೇಪ್‌ರೆಕಾರ್ಡರು ಸರಿಯಾಗಿತ್ತು. ರಿಪೇರಿಯವನು 25 ರೂಪಾಯಿ ತೆಗೆದುಕೊಂಡ.

ಒಮ್ಮೆ ಹೀಗಾದ ಮೇಲೆ ಉಳಿದ ಸಂಗತಿಗಳ ಮೇಲೂ ಅನುಮಾನ ಬಂತು. ಎರಡೂ ಬದಿಯಲ್ಲಿ ಇರುವ ಹಾಡು ಮೂರು: ‘ಕ್ಯಾಂಡಿ ಮ್ಯಾನ್’, ‘ಲೂಯಿಸ್ ಕಾಲಿನ್ಸ್’, ‘ಸ್ಪೈಕ್ ಡ್ರೈವರ್’. 1928ರಲ್ಲಿ ಅವಸರದ ಯುವಕ, 1966ರಲ್ಲಿ ಎಲ್ಲ ಕಂಡು ಪಕ್ವವಾದ ಮುದುಕ ಎಂದು ನಾನು ಎಷ್ಟೋ ಜನರಿಗೆ ವಿವರಿಸಿದ್ದೆ. ಕೊಲೆಯ ಕತೆಯಾದ ‘ಲೂಯಿಸ್ ಕಾಲಿನ್ಸ್’ ಹಾಡನ್ನೇ ತೆಗೆದುಕೊಳ್ಳಿ. 1928ರದ್ದು ಮೂರು ನಿಮಿಷದೊಳಗೆ ಮುಗಿಯುತ್ತದೆ, 1966ರದ್ದು ನಾಲ್ಕು ದಾಟುತ್ತದೆ. ಆದರೆ 1928ರ ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಮೂರು ನಿಮಿಷ ಚಿಲ್ಲರೆ. ಅಷ್ಟರೊಳಗೆ ಸಾಯುವವನು ಸಾಯಬೇಕು, ಅಳುವವರು ಅತ್ತು ಮುಗಿಸಬೇಕು. ಎಲ್‌ಪಿ ಬಂದ ಮೇಲೆ ಆ ಗಡಿಬಿಡಿ ಇಲ್ಲ. ವಯಸ್ಸಿನ ಪಾಲು ಇಲ್ಲವೆನ್ನುವುದಿಲ್ಲ, ದನಿ ಇಳಿದದ್ದು ವಯಸ್ಸಿನಿಂದಲೇ. ಆದರೆ ಪಕ್ವತೆ ಎಂದು ನಾನು ಕರೆದದ್ದರಲ್ಲಿ ಎಷ್ಟು ಮನುಷ್ಯನದು, ಎಷ್ಟು ಪ್ಲೇಟಿನ ಅಳತೆಯದು? ಹಳೆಯ ಪ್ಲೇಟುಗಳೂ ಕರಾರುವಾಕ್ಕಾಗಿ ನಿಮಿಷಕ್ಕೆ 78 ಸುತ್ತಿನ ಲೆಕ್ಕದಲ್ಲಿ ಕೊರೆದವಲ್ಲ. ಕೊರೆದ ಮೆಷಿನ್ನಿನ ಮರ್ಜಿಯಂತೆ ಹೆಚ್ಚುಕಡಿಮೆ. ಅಂದರೆ 1928ರ ಅಜ್ಜನ ನಿಜವಾದ ಶ್ರುತಿ ಯಾವುದೆಂದು ಪ್ಲೇಟನ್ನು ಕೇಳಿ ಪ್ರಯೋಜನವಿಲ್ಲ. ಇದನ್ನು ದೊಡ್ಡಮ್ಮನಿಗೆ ಹೇಳಿದಾಗ ಅವರು ತಲೆಕೆಡಿಸಿಕೊಳ್ಳಲಿಲ್ಲ. ‘ಶ್ರುತಿ ಅನ್ನೋದು ಹಾಡೋರ ಗಂಟಲಿಗೆ ಬಿಟ್ಟಿದ್ದು ಕಣೋ. ತಾಳ ಮಾತ್ರ ಯಾರ ಗಂಟಲನ್ನೂ ಕೇಳಲ್ಲ’ ಎಂದರು.

ಎರಡು ಬದಿಯನ್ನೂ ಪಕ್ಕಪಕ್ಕ ಇಟ್ಟರೆ ಬದಲಾಗದೆ ಉಳಿಯುವುದು ಅದೊಂದೇ, ಹೆಬ್ಬೆರಳು. ‘ಸ್ಪೈಕ್ ಡ್ರೈವರ್’ ಹಾಡಿನಲ್ಲಿ ಅದು ಚೆನ್ನಾಗಿ ಕೇಳುತ್ತದೆ. ರೈಲು ಹಳಿಗೆ ಮೊಳೆ ಹೊಡೆಯುವವನ ಹಾಡು. ಸುತ್ತಿಗೆ ಹಿಡಿದೇ ಸತ್ತ ಜಾನ್ ಹೆನ್ರಿ ಎಂಬ ಕೂಲಿಯ ಕತೆ ಅಮೆರಿಕದಲ್ಲಿ ಮನೆಮಾತು; ಅವನನ್ನು ವೀರನೆಂದು ಹೊಗಳುವ ಹಾಡುಗಳಿಗೆ ಲೆಕ್ಕವಿಲ್ಲ. ಅಜ್ಜನ ಹಾಡಿನವನು ಬೇರೆ. ಸುತ್ತಿಗೆಯನ್ನು ಯಜಮಾನನಿಗೆ ತಲುಪಿಸಲು ಹೇಳಿ, ನಾನು ಸಾಯುವವನಲ್ಲ ಎಂದು ಹೊರಟುಹೋಗುತ್ತಾನೆ. ಇಡೀ ಹಾಡು ಹೆಚ್ಚುಕಡಿಮೆ ಒಂದೇ ಕಾರ್ಡಿನ ಮೇಲೆ ನಿಂತಿದೆ. ಎಡಗೈಗೆ ಕೆಲಸ ಕಡಿಮೆ, ಬಲಗೈ ಹೆಬ್ಬೆರಳಿಗೆ ಬಿಡುವೇ ಇಲ್ಲ. ವೀರಗತಿಯಿಲ್ಲ, ಅಳುವಿಲ್ಲ. ಕೆಲಸ ಬಿಟ್ಟು ಹೋಗುವ ಹಾಡಿನಲ್ಲೂ ಹೆಬ್ಬೆರಳು ಮಾತ್ರ ಕೆಲಸ ಬಿಡುವುದಿಲ್ಲ.

1928ರ ಒಂದು ಹಾಡಿನ ಹೆಸರಿನಲ್ಲಿ ತೃಪ್ತಿಯಾಗದು ಎಂಬ ಮಾತಿದೆ, 1966ರ ಒಂದು ಹಾಡಿನ ಹೆಸರೇ ನಾನು ತೃಪ್ತ ಎಂದು. ಹಿಂದಿನ ನಾನಾಗಿದ್ದರೆ ಇದನ್ನೇ ಹಿಡಿದುಕೊಂಡು ಒಂದು ಲೇಖನ ಮುಗಿಸುತ್ತಿದ್ದೆ. ಎರಡೂ ಗಂಡು ಹೆಣ್ಣಿನ ವ್ಯವಹಾರದ ಹಾಡುಗಳು, ಬದುಕಿನ ಲೆಕ್ಕಪತ್ರಗಳಲ್ಲ.

ಈಗ ಎಲ್ಲವೂ ಫೋನಿನಲ್ಲಿದೆ. 1928ರ ಹದಿಮೂರೂ ಇವೆ, ಚಟಪಟ ತೆಗೆದು ತೊಳೆದು ಒರೆಸಿ ಇಟ್ಟಿದ್ದಾರೆ. ‘ಟುಡೇ!’ಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿದೆ. ಅಜ್ಜನ ಬೆರಳು ಹೇಗೆ ಓಡುತ್ತದೆಂದು ಕಲಿಸುವ ವಿಡಿಯೊಗಳು ಬೇಕಾದಷ್ಟಿವೆ. ನಾನು ಐದು ವರ್ಷ ತಪ್ಪು ಶ್ರುತಿಯಲ್ಲಿ ಒದ್ದಾಡಿದ್ದನ್ನು ನನ್ನ ಅಕ್ಕನ ಮೊಮ್ಮಗ ಎರಡು ವಾರದಲ್ಲಿ ಕಲಿತ. ಕಷ್ಟಪಟ್ಟು ಕಲಿತದ್ದೇ ಹೆಚ್ಚು ಎಂದು ಅವನಿಗೆ ಹೇಳಲು ಹೋಗಲಿಲ್ಲ. ಅವನು ನನಗಿಂತ ಚೆನ್ನಾಗಿ ನುಡಿಸುತ್ತಾನೆ. ಫೋನು ಮಾಡುವ ಕೆಲಸ ಒಂದೇ ನನಗೆ ವಿಚಿತ್ರ: ಹಾಡುಗಳನ್ನು ಕಲಸಿ ಹಾಕುತ್ತದೆ. 1966ರ ‘ಕ್ಯಾಂಡಿ ಮ್ಯಾನ್’ ಮುಗಿದ ಬೆನ್ನಿಗೇ 1928ರದ್ದು ಬರುತ್ತದೆ. ಮುದುಕ ಒಂದೇ ಉಸಿರಿನಲ್ಲಿ ಮೂವತ್ತೈದರ ಗಂಡಸಾಗುತ್ತಾನೆ. ಹಿಂದೆ ಮಗುಚಿ ಹಾಕಲು ಎರಡು ಸೆಕೆಂಡಾದರೂ ಬೇಕಿತ್ತು. ಈಗ ಅದೂ ಬೇಕಿಲ್ಲ. ಗ್ರಿಡ್ಡೂ ಈಗ ದೇಶಕ್ಕೆಲ್ಲ ಒಂದೇ, ಸಂಜೆಯ ಲೋಡಿಗೂ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರು ನಂಬಬಹುದಾದ ತಂಬೂರಿಯಾಗಿದೆ.

ಅವಲಾನ್‌ನಲ್ಲಿ ಅಜ್ಜ ವಾಸವಾಗಿದ್ದ ಪುಟ್ಟ ಮನೆಯನ್ನು ಕುಟುಂಬದವರು ಮ್ಯೂಸಿಯಂ ಮಾಡಿದ್ದರು. 2024ರ ಫೆಬ್ರವರಿಯಲ್ಲಿ ಅದು ಸುಟ್ಟುಹೋಯಿತು. ಸುದ್ದಿ ಓದಿದ ದಿನ ನನಗೆ ಕ್ಯಾಸೆಟ್ಟಿನ ನೆನಪಾಗಿ ಅಟ್ಟದ ಪೆಟ್ಟಿಗೆ ಇಳಿಸಿದೆ. ಟೇಪಿನ ಹಿಂದಿನ ಪುಟ್ಟ ಒತ್ತುಪಟ್ಟಿ ಉದುರಿತ್ತು. ಕೇರಂ ಬೋರ್ಡಿನ ಅಡಿಗೆ ಅಂಟಿಸುವ ಬಟ್ಟೆಯ ಚೂರು ಕತ್ತರಿಸಿ ಅಂಟಿಸಿದೆ. ಟೂ-ಇನ್-ಒನ್ ಸತ್ತು ಕಾಲವಾಗಿದೆ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಸುಸ್ಥಿತಿಯ ಡೆಕ್ ಇತ್ತು, ಎರವಲು ತಂದೆ. ಎ ಬದಿ ಹಾಗೂ ಹೀಗೂ ಓಡಿತು. ಬಿ ಬದಿಯಲ್ಲಿ ಕೊನೆಯ ಹಾಡು ಮುಗಿದು ಟಕ್ ಎಂದಿತು. ಆಮೇಲೆ ನಮ್ಮ ಮೂರು ನಿಮಿಷ.

ಹಾಸ್ಟೆಲ್ಲಿನ ಕೋಣೆ. ಬಕೆಟ್ಟಿನ ಸದ್ದು. ನಾಲ್ಕೈದು ದನಿ, ಎಲ್ಲವೂ ತೆಳ್ಳಗೆ, ಚೂಪಾಗಿ, ಗಂಟಲು ಇನ್ನೂ ಒಡೆಯದ ಹುಡುಗರ ಹಾಗೆ. ಇಷ್ಟು ಎಳೆಯರಿದ್ದೆವೇ ಎಂದು ಒಂದು ಕ್ಷಣ ಗಂಟಲು ಕಟ್ಟಿತು. ಆಮೇಲೆ ಲೆಕ್ಕ ಹೊಳೆಯಿತು. ರೆಕಾರ್ಡು ಮಾಡಿದ್ದು ಬೆಲ್ಟು ಸಡಿಲವಾಗಿದ್ದ ಮೆಷಿನ್ನಿನಲ್ಲಿ, ನಿಧಾನಕ್ಕೆ ಓಡುವ ಟೇಪಿನ ಮೇಲೆ. ಸರಿಯಾದ ಡೆಕ್ಕಿನಲ್ಲಿ ಹಾಕಿದರೆ ಯಾರ ದನಿಯಾದರೂ ಅರ್ಧ ಸ್ವರ ಏರುತ್ತದೆ. ನಮಗಾಗ ಇಪ್ಪತ್ತೊಂದು ದಾಟಿತ್ತು, ಮೀಸೆ ಬಂದಿತ್ತು.

ಏನು ಮಾತಾಡುತ್ತಿದ್ದೆವೆಂದು ಕಿವಿಗೊಟ್ಟೆ. ಆ ತಿಂಗಳ ಮೆಸ್ ಬಿಲ್ಲಿನಲ್ಲಿ ತಲಾ 11 ರೂಪಾಯಿ ಜಾಸ್ತಿ ಹಾಕಿದ್ದರಂತೆ. ಅದು ತುಪ್ಪದ ಲೆಕ್ಕವೋ ಗ್ಯಾಸಿನ ಲೆಕ್ಕವೋ ತೀರ್ಮಾನವಾಗುವ ಮೊದಲೇ ಟೇಪು ಮುಗಿಯಿತು.